ತಿಥಿಯೂ ಅನುಕೂಲವೂ

ತುಮಕೂರಿನ ಶಿರಾ ಗೇಟಿನ ಗೃಹಸ್ಥರು ವರ್ಷಕ್ಕೆ ಎರಡು ಸಲ ಸಿದ್ಧಗಂಗೆಯ ಹಾದಿ ಹಿಡಿಯುವುದುಂಟು. ಮಹಾಶಿವರಾತ್ರಿಯ ಜಾತ್ರೆಗೆ ಅವರನ್ನು ಕರೆಯುವವನು ಚಂದ್ರ. ಮಾಘ ಬಹುಳ ಚತುರ್ದಶಿ ಎಂದು ಒದಗುವುದೋ ಅಂದೇ ಪರ್ವ. 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಜಯಂತಿಗಾದರೋ ತಿಥಿಯನ್ನು ನೋಡಬೇಕಾಗಿಲ್ಲ. ಅದು ಏಪ್ರಿಲ್ 1. ಆ ತಿಂಗಳ ಹೆಸರೂ ದಿನದ ಲೆಕ್ಕವೂ ರೋಮಿನಿಂದ ಬಂದವು. ಎರಡು ದಿನಗಳಲ್ಲಿಯೂ ಭಕ್ತಿಯು ಒಂದೇ. ಆದುದರಿಂದ ಪಾವಿತ್ರ್ಯವು ಮನಸ್ಸಿನಲ್ಲಿರುವುದೇ ಹೊರತು ದಿನದಲ್ಲಿಲ್ಲ, ದಿನವನ್ನು ಅನುಕೂಲಕ್ಕೆ ತಕ್ಕಂತೆ ಸರಿಸಿಕೊಳ್ಳಬಹುದು ಎಂದು ವಾದಿಸುವವರುಂಟು. ತಂದೆಯ ಶ್ರಾದ್ಧತಿಥಿಯು ಬುಧವಾರ ಬಂದರೆ ಭಾನುವಾರಕ್ಕೆ ತಳ್ಳುವ ಮನೆಗಳೂ ಇವೆ. ವಾದದ ಪೂರ್ವಾರ್ಧವು ಸಾಧುವೇ. ಉತ್ತರಾರ್ಧವನ್ನು ರೋಮಿನವರ ಅನುಭವದಿಂದಲೇ ಪರೀಕ್ಷಿಸುವುದು ಲೇಸು.

ಆ ನಗರದಲ್ಲಿ ಯಾವ ದಿನ ವ್ಯವಹಾರ ನಡೆಯಬಹುದು, ಯಾವ ದಿನ ಕೂಡದು ಎಂಬ ಜ್ಞಾನವು ಮೊದಲು ಪುರೋಹಿತಮಂಡಲಿಯ ಸೊತ್ತಾಗಿತ್ತಂತೆ. ಬಿಡುಗಡೆ ಹೊಂದಿದ ದಾಸನೊಬ್ಬನ ಮಗನಾದ ಫ್ಲೇವಿಯಸ್ ಎಂಬವನು ಕ್ರಿ.ಪೂ. 304ರಲ್ಲಿ ಆ ಪಟ್ಟಿಯನ್ನು ಸಭಾಚೌಕದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಿದನು. ಆದರೂ ಅಧಿಕಮಾಸವು ಪುರೋಹಿತರ ಕೈಯಲ್ಲಿಯೇ ಉಳಿಯಿತು. 355 ದಿನಗಳ ಆ ವರ್ಷವನ್ನು ಋತುಗಳೊಡನೆ ಹೊಂದಿಸಲು ಅದನ್ನು ಸೇರಿಸಬೇಕಷ್ಟೆ. ಅಧಿಕಾರಾವಧಿಯು ಒಂದು ವರ್ಷದ್ದಾದುದರಿಂದ, ಮಾಸವನ್ನು ಸೇರಿಸಿದರೆ ಮಿತ್ರನ ಅಧಿಕಾರವು ಬೆಳೆಯುವುದು, ಬಿಟ್ಟರೆ ಶತ್ರುವಿನದು ಮೊಟಕಾಗುವುದು! ಧರ್ಮವನ್ನು ಕುರಿತು ಗ್ರಂಥ ಬರೆದ ಸಿಸೆರೋ ಪಂಡಿತನೇ ಸಿಲಿಸಿಯಾ ಪ್ರಾಂತದ ಆಳ್ವಿಕೆಯಿಂದ ಬೇಸತ್ತು, ಆ ವರ್ಷ ಅಧಿಕಮಾಸವು ಬೀಳದಂತೆ ಪ್ರಯತ್ನಿಸೆಂದು ಗೆಳೆಯನಿಗೆ ಓಲೆ ಬರೆದನು. ಸೂರ್ಯಚಂದ್ರರ ಗತಿಯ ಮಾತು ಅಲ್ಲಿಲ್ಲ. ಹೀಗೆ ಕೆಟ್ಟ ಕಾಲಗಣನೆಯನ್ನು ಸರಿಪಡಿಸಲು ಸೀಸರನು ಕ್ರಿ.ಪೂ. 46ನೆಯ ವರ್ಷವನ್ನು 445 ದಿನಗಳಷ್ಟು ಉದ್ದ ಮಾಡಬೇಕಾಯಿತು. ಸುಗ್ಗಿಯ ಹಬ್ಬಗಳು ಅಷ್ಟರಲ್ಲಿ ಸುಗ್ಗಿಯನ್ನೇ ಅಗಲಿದ್ದವು.

ನಮ್ಮಲ್ಲಿಯೂ ಅಧಿಕಮಾಸವುಂಟು, ಸಂಕ್ರಾಂತಿಯಿಲ್ಲದ ಚಾಂದ್ರಮಾಸವೇ ಅಧಿಕವೆಂಬುದು ಅದರ ನಿಯಮ. 2023ರಲ್ಲಿ ಶ್ರಾವಣವು ಅಧಿಕವಾಗಿ ವರಮಹಾಲಕ್ಷ್ಮಿಯ ವ್ರತವು ಆಗಸ್ಟ್ 25ಕ್ಕೆ ಹೋಯಿತು. ಅದರಿಂದ ಯಾರ ಅಧಿಕಾರವೂ ಬೆಳೆಯಲಿಲ್ಲ, ಅದನ್ನು ತಡೆಯಲು ಯಾರಿಗೂ ಓಲೆ ಬರೆಯುವಂತಿರಲಿಲ್ಲ. ಪಂಚಾಂಗಗಳಲ್ಲಿ ಭೇದವಿಲ್ಲವೆಂದಲ್ಲ. ಸ್ಮಾರ್ತರ ಏಕಾದಶಿ ಒಂದು ದಿನ, ವೈಷ್ಣವರದು ಮರುದಿನ ಬೀಳುವುದುಂಟು. ಆದರೆ ಇಬ್ಬರಿಗೂ ಉಪವಾಸವು ತಪ್ಪಿದ್ದಲ್ಲ. ಇಲ್ಲಿ ನಿಯಮವು ಎರಡಾಗಿದೆ, ಸ್ವಾರ್ಥವು ನಿಯಮವಾಗಿಲ್ಲ. ಸ್ವಾಮಿಗಳ ಜಯಂತಿಯ ವಿಷಯವೂ ಅಷ್ಟೇ. ಏಪ್ರಿಲ್ 1 ಯಾರ ಪಂಚಾಂಗದ ದಿನವಾದರೇನು? ಅದು ಯಾವ ವಾರದಂದು ಬಂದರೂ ಭಕ್ತನೇ ಅದರ ಬಳಿಗೆ ಹೋಗುತ್ತಾನೆ.

ಶ್ರಾದ್ಧವನ್ನು ಭಾನುವಾರಕ್ಕೆ ಸರಿಸುವ ಮಗನು ರೋಮಿನ ಪುರೋಹಿತನಷ್ಟು ದೋಷಿಯಲ್ಲ. ಅಣ್ಣತಮ್ಮಂದಿರೆಲ್ಲ ಕೂಡಲೆಂಬ ಸದಾಶಯವೂ ಅವನಿಗಿರಬಹುದು. ಶಾಸ್ತ್ರವು ಅಸಮರ್ಥನ ವಿಷಯದಲ್ಲಿ ಕಠಿನವೂ ಅಲ್ಲ. ತಿಥಿ ತಿಳಿಯದವನಿಗೆ ಅಮಾವಾಸ್ಯೆಯುಂಟು, ತಪ್ಪಿಹೋದವರಿಗೆಲ್ಲ ಮಹಾಲಯದ ಅಮಾವಾಸ್ಯೆಯುಂಟು. ಒಂದು ದಿನದ ಕೂಲಿಯನ್ನು ಬಿಟ್ಟರೆ ಒಲೆ ಹೊತ್ತದ ಮನೆಯವನು ಅದನ್ನು ಆಶ್ರಯಿಸಿದರೆ ಯಾರೂ ಬೆರಳು ತೋರಿಸಲಾರರು. ಆದರೆ ಕಚೇರಿಯಲ್ಲಿ ರಜೆಯಿಲ್ಲವೆನ್ನುವವನು ಒಂದು ಪ್ರಶ್ನೆಗೆ ಉತ್ತರ ಹೇಳಿಕೊಳ್ಳಬೇಕು: ಅದೇ ಬುಧವಾರ ಮಗಳನ್ನು ನೋಡಲು ವರನ ಕಡೆಯವರು ಬರುವುದಾಗಿದ್ದರೆ ರಜೆ ದೊರೆಯುತ್ತಿರಲಿಲ್ಲವೆ?