ಯಂತ್ರವನ್ನು ನಂಬುವುದೆಂದರೇನು?



ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನಾವು ಎಷ್ಟೊಂದು ಜನರನ್ನು ನಂಬಿ ಬಾಳುತ್ತೇವೆ! ಮನೆಗೆ ಹಾಲು ತಂದುಕೊಡುವವರನ್ನು ನಂಬುತ್ತೇವೆ. ಬಸ್ಸಿನ ಚಾಲಕನನ್ನು ನಂಬುತ್ತೇವೆ. ಔಷಧಿ ಬರೆದುಕೊಡುವ ವೈದ್ಯರನ್ನು ನಂಬುತ್ತೇವೆ. ಇವರು ಎಂದೂ ತಪ್ಪುವುದಿಲ್ಲ ಎಂಬ ಕಾರಣಕ್ಕೆ ನಂಬುತ್ತೇವೆಯೇ? ಇಲ್ಲ. ಹಾಲು ನೀರಾಗಿದ್ದರೆ ಮರುದಿನ ಬಾಗಿಲಲ್ಲೇ ನಿಲ್ಲಿಸಿ ಕೇಳಬಹುದು. ಔಷಧಿ ಒಗ್ಗದಿದ್ದರೆ ವೈದ್ಯರ ಬಳಿಗೆ ಮರಳಿ ಹೋಗಬಹುದು. ಕೇಳಿದರೆ ಉತ್ತರ ಕೊಡುವವರೊಬ್ಬರಿದ್ದಾರೆ ಎಂಬ ಭರವಸೆಯೇ ನಮ್ಮ ನಂಬಿಕೆಯ ತಳಹದಿ.

ಇಂದು ಇದೇ ನಂಬಿಕೆಯನ್ನು ಯಂತ್ರಗಳ ಮೇಲೂ ಇರಿಸುವ ಕಾಲ ಬಂದಿದೆ. ‘ಕೃತಕ ಬುದ್ಧಿಮತ್ತೆ’ ಎಂದು ಕರೆಯಲಾಗುವ ಗಣಕ ವ್ಯವಸ್ಥೆಗಳು ರೋಗವನ್ನು ಗುರುತಿಸುತ್ತವೆ, ಸಾಲಕ್ಕೆ ಯಾರು ಅರ್ಹರೆಂದು ಸೂಚಿಸುತ್ತವೆ, ಕೆಲಸ ಕೋರಿದವರ ಅರ್ಜಿಗಳನ್ನು ಜಾಲಿಸುತ್ತವೆ. ಇಂತಹ ಯಂತ್ರವು ‘ವಿಶ್ವಾಸಾರ್ಹ’ವೂ ‘ಮಾನವಕೇಂದ್ರಿತ’ವೂ ಆಗಿರಬೇಕೆಂದು ಗಣಕ ವಿಜ್ಞಾನಿಗಳೇ ಈಗ ಒತ್ತಿ ಹೇಳುತ್ತಿದ್ದಾರೆ. ಆದರೆ ಯಂತ್ರವೊಂದು ನಂಬಿಕೆಗೆ ಅರ್ಹವಾಗುವುದು ಯಾವಾಗ? ಹೆಚ್ಚು ಸಲ ಸರಿಯಾದ ಉತ್ತರ ಕೊಟ್ಟರೆ ಅಷ್ಟೇ ಸಾಕೇ? ಈ ಪ್ರಶ್ನೆಗೆ ಬೆಳಕು ಚೆಲ್ಲುವ ಒಂದು ನಿಜ ಘಟನೆಯನ್ನು ಇಲ್ಲಿ ನೆನೆಯೋಣ.

1990ರ ದಶಕದ ಮಧ್ಯಭಾಗ. ಅಮೆರಿಕದಲ್ಲಿ ನ್ಯುಮೋನಿಯಾ ರೋಗಿಗಳ ಬಗ್ಗೆ ಒಂದು ದೊಡ್ಡ ಅಧ್ಯಯನ ನಡೆಯಿತು. ಯಾವ ರೋಗಿಯನ್ನು ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬೇಕು, ಯಾರನ್ನು ಔಷಧಿ ಕೊಟ್ಟು ಮನೆಗೆ ಕಳುಹಿಸಬಹುದು ಎಂಬುದನ್ನು ತೀರ್ಮಾನಿಸಲು ಗಣಕವು ವೈದ್ಯರಿಗೆ ನೆರವಾದೀತೇ ಎಂಬುದೇ ಆ ಅಧ್ಯಯನದ ಪ್ರಶ್ನೆ. 78 ಆಸ್ಪತ್ರೆಗಳ 14,199 ರೋಗಿಗಳ ದಾಖಲೆಗಳನ್ನು ಸಂಶೋಧಕರು ಬಳಸಿಕೊಂಡರು. ಆಗ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ರಿಚ್ ಕರುವಾನಾ ಎಂಬವರು ಅವರಲ್ಲೊಬ್ಬರು. ಅನೇಕ ವಿಧಾನಗಳನ್ನು ಹೋಲಿಸಿ ನೋಡಿದಾಗ ನರಜಾಲವೆಂಬ ವಿಧಾನವೇ ಎಲ್ಲಕ್ಕಿಂತ ಮುಂದಿತ್ತು. 0.5 ಎಂದರೆ ಬರೀ ಕುರುಡು ಊಹೆ, 1 ಎಂದರೆ ಪರಿಪೂರ್ಣತೆ ಎಂಬ ಅಳತೆಯಲ್ಲಿ ಅದು 0.86 ಗಳಿಸಿದರೆ, ಹಳೆಯ ಸರಳ ಲೆಕ್ಕಾಚಾರದ ವಿಧಾನ ಗಳಿಸಿದ್ದು 0.77 ಮಾತ್ರ. ಆದರೆ ನರಜಾಲಕ್ಕೆ ಒಂದು ಕೊರತೆಯಿತ್ತು: ತಾನು ಆ ಉತ್ತರಕ್ಕೆ ಹೇಗೆ ಬಂದೆನೆಂದು ಅದು ಯಾರಿಗೂ ತಿಳಿಸಲಾರದು.

ಅದೇ ದಾಖಲೆಗಳ ಮೇಲೆ ಮತ್ತೊಂದು ವಿಧಾನವನ್ನೂ ಪ್ರಯೋಗಿಸಲಾಗಿತ್ತು. ಅದು ತಾನು ಕಲಿತದ್ದನ್ನು ಮನುಷ್ಯರು ಓದಬಲ್ಲ ನಿಯಮಗಳ ರೂಪದಲ್ಲಿ ಬರೆದುಕೊಡುತ್ತಿತ್ತು. ಆ ನಿಯಮಗಳಲ್ಲೊಂದು ಎಲ್ಲರನ್ನೂ ಬೆಚ್ಚಿಬೀಳಿಸಿತು. ಆಸ್ತಮಾ ಇರುವವರಿಗೆ ನ್ಯುಮೋನಿಯಾ ಬಂದರೆ ಸಾಯುವ ಅಪಾಯ ಕಡಿಮೆ ಎನ್ನುತ್ತಿತ್ತು ಆ ನಿಯಮ! ಉಬ್ಬಸದವರನ್ನು ಮನೆಯಲ್ಲಿಟ್ಟುಕೊಂಡು ಸಲಹಿದ ಯಾರಿಗಾದರೂ ಇದು ತಲೆಕೆಳಗಾದ ಮಾತೆಂದು ತಿಳಿಯುತ್ತದೆ. ವೈದ್ಯರಿಗೆ ಕಾರಣ ಹೊಳೆಯಿತು. ಆಸ್ತಮಾ ರೋಗಿಗೆ ನ್ಯುಮೋನಿಯಾ ತಗುಲಿದರೆ ಅಪಾಯ ಹೆಚ್ಚೆಂದು ಅರಿತ ವೈದ್ಯರು ಅವರನ್ನು ಒಡನೆಯೇ ದಾಖಲಿಸಿಕೊಂಡು, ಬಹಳ ಸಲ ನೇರವಾಗಿ ತೀವ್ರ ನಿಗಾ ಘಟಕಕ್ಕೇ ಒಯ್ಯುತ್ತಿದ್ದರು. ಆ ವಿಶೇಷ ಆರೈಕೆಯಿಂದಲೇ ಅವರು ಬದುಕಿ ಉಳಿದಿದ್ದರು. ಯಂತ್ರ ಕಂಡದ್ದು ಅವರು ಬದುಕಿದ್ದನ್ನು. ಅವರನ್ನು ಬದುಕಿಸಿದ ಕೈಗಳನ್ನಲ್ಲ.

ಇದನ್ನು ನಮ್ಮ ಮನೆಯ ಮಾತಿನಲ್ಲಿ ಹೇಳುವುದಾದರೆ: ಉಬ್ಬಸದಿಂದ ನರಳುವ ಅಜ್ಜಿಯ ಪಕ್ಕದಲ್ಲಿ ಸೊಸೆ ರಾತ್ರಿಯಿಡೀ ಎಚ್ಚರವಾಗಿದ್ದು, ಬಿಸಿನೀರು ಕೊಟ್ಟು, ದಿಂಬು ಏರಿಸಿ, ಹೊತ್ತುಹೊತ್ತಿಗೆ ಔಷಧಿ ಹಾಕುತ್ತಾಳೆ. ವರ್ಷ ಕಳೆದರೂ ಅಜ್ಜಿ ಆಸ್ಪತ್ರೆ ಸೇರಲಿಲ್ಲ. ಹೊರಗಿನಿಂದ ಬಂದ ನೆಂಟರೊಬ್ಬರು, “ಅಜ್ಜಿ ಗಟ್ಟಿಯಾಗಿದ್ದಾರೆ, ಇವರಿಗೆ ಯಾರ ನೆರವೂ ಬೇಡ” ಎಂದು ತೀರ್ಮಾನಿಸಿದರೆ? ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಸಲಹೆಯಂತೆ ನಡೆದರೆ ಅಜ್ಜಿಯ ಪ್ರಾಣಕ್ಕೇ ಕುತ್ತು. ಯಂತ್ರವೂ ಹಾಗೆಯೇ ಸುಳ್ಳಾಡಲಿಲ್ಲ. ಅದರ ಮುಂದಿದ್ದ ದಾಖಲೆಯಲ್ಲಿ ಫಲಿತಾಂಶವಿತ್ತು, ಆರೈಕೆ ಕಾಣಿಸಿರಲಿಲ್ಲ.

ಇಲ್ಲಿಯೇ ನಿಜವಾದ ನೈತಿಕ ಪ್ರಶ್ನೆ ಎದುರಾಗುತ್ತದೆ. ಆಸ್ತಮಾದ ಈ ಒಂದು ತಪ್ಪನ್ನು ನರಜಾಲದಲ್ಲಿ ತಿದ್ದುವುದು ಅಸಾಧ್ಯವೇನೂ ಆಗಿರಲಿಲ್ಲ. ಆದರೆ ಓದಲು ಬಾರದ ಆ ಯಂತ್ರದೊಳಗೆ ಇಂತಹ ಇನ್ನೆಷ್ಟು ತಪ್ಪುಗಳು ಅಡಗಿವೆಯೋ ಬಲ್ಲವರಾರು? ಆದ್ದರಿಂದ ತಾನೇ ಬೆಳೆಸಿದ, ಅತಿ ಹೆಚ್ಚು ಅಂಕ ಗಳಿಸಿದ ಆ ಯಂತ್ರವನ್ನು ರೋಗಿಗಳ ಮೇಲೆ ಬಳಸಬಾರದೆಂಬ ನಿಲುವನ್ನು ಕರುವಾನಾ ತಾಳಿದರು. ಅಂಕದಲ್ಲಿ ಹಿಂದಿದ್ದರೂ ವೈದ್ಯರು ಓದಿ ಪರೀಕ್ಷಿಸಬಹುದಾದ ಸರಳ ವಿಧಾನವನ್ನೇ ಮುಂದಿಡಲಾಯಿತು.

“ಇದು ಸರಿಯೇ? ಹೆಚ್ಚು ನಿಖರವಾದುದನ್ನು ಬದಿಗಿಟ್ಟರೆ ಉಳಿಯಬಹುದಾಗಿದ್ದ ಜೀವಗಳೂ ಹೋಗಬಹುದಲ್ಲವೇ?” ಎಂದು ಯಾರಾದರೂ ಕೇಳಬಹುದು. ಇದು ಹಗುರವಾಗಿ ತಳ್ಳಿಹಾಕುವ ಆಕ್ಷೇಪವಲ್ಲ. ಆದರೆ ಒಂದನ್ನು ಗಮನಿಸಬೇಕು. ಆ 0.86 ಎಂಬ ಅಂಕ ಬಂದದ್ದು ಆರೈಕೆ ಪಡೆದ ರೋಗಿಗಳ ದಾಖಲೆಯಿಂದ. ಅಂಕವನ್ನು ನಂಬಿ ಆರೈಕೆಯನ್ನೇ ಹಿಂತೆಗೆದುಕೊಂಡ ದಿನ, ಆ ಅಂಕ ನಿಂತ ನೆಲವೇ ಕುಸಿಯುತ್ತದೆ. ಕಾಗದದ ಮೇಲಿನ ನಿಖರತೆಯೇ ಬೇರೆ, ಹಾಸಿಗೆಯ ಮೇಲೆ ಮಲಗಿರುವ ಮನುಷ್ಯನಿಗೆ ಆಗುವ ಒಳಿತೇ ಬೇರೆ.

“ವೈದ್ಯರೂ ಎಷ್ಟೋ ಸಲ ತಮ್ಮ ತೀರ್ಮಾನದ ಕಾರಣವನ್ನು ಪೂರ್ತಿಯಾಗಿ ವಿವರಿಸಲಾರರು” ಎಂಬ ಮಾತೂ ಉಂಟು. ನಿಜ. ಆದರೆ ವೈದ್ಯರನ್ನು ಪ್ರಶ್ನಿಸಬಹುದು. ಅವರು ಮರಳಿ ಯೋಚಿಸಬಲ್ಲರು. ತಪ್ಪಿದರೆ ಹೊಣೆ ಹೊರಬಲ್ಲರು, ನೊಂದುಕೊಳ್ಳಬಲ್ಲರು. ಯಂತ್ರಕ್ಕೆ ಹೊಣೆಯೂ ಇಲ್ಲ, ನೋವೂ ಇಲ್ಲ.

ಸರಳತೆ ಮತ್ತು ನಿಖರತೆಗಳಲ್ಲಿ ಒಂದನ್ನು ಬಿಟ್ಟೇ ಮತ್ತೊಂದನ್ನು ಪಡೆಯಬೇಕೆಂಬ ನಿಯಮವೂ ಇಲ್ಲವೆಂಬುದು ಮುಂದೆ ತಿಳಿದುಬಂತು. 2015ರಲ್ಲಿ ಕರುವಾನಾ ಮತ್ತು ಅವರ ಸಹಸಂಶೋಧಕರು ಅದೇ ನ್ಯುಮೋನಿಯಾ ದಾಖಲೆಗಳಿಗೆ ಹೊಸ ವಿಧಾನವೊಂದನ್ನು ಅನ್ವಯಿಸಿ ತೋರಿಸಿದರು. ರೋಗಿಯ ವಯಸ್ಸು, ಹಿಂದಿನ ಕಾಯಿಲೆಗಳು ಮುಂತಾದ ಒಂದೊಂದು ಅಂಶವೂ ಅಪಾಯವನ್ನು ಎಷ್ಟು ಹೆಚ್ಚಿಸುತ್ತದೆ, ಎಷ್ಟು ತಗ್ಗಿಸುತ್ತದೆ ಎಂಬುದನ್ನು ಅದರಲ್ಲಿ ವೈದ್ಯರು ಬೇರೆ ಬೇರೆಯಾಗಿ ನೋಡಿ, ತಪ್ಪಿದ್ದರೆ ತಿದ್ದಬಹುದು. ಆದರೂ ಅದರ ನಿಖರತೆ ಅತ್ಯುತ್ತಮ ವಿಧಾನಗಳಿಗೆ ಸರಿಸಾಟಿಯಾಗಿತ್ತು. ಸುಮಾರು ಎರಡು ದಶಕಗಳ ತಾಳ್ಮೆಗೆ ಸಂದ ಫಲವಿದು.

ಇಂತಹ ಅನುಭವಗಳಿಂದ ಸಂಶೋಧಕರ ಸಮುದಾಯವೇ ಎಚ್ಚೆತ್ತುಕೊಂಡಿದೆ. ನ್ಯಾಯ, ಹೊಣೆಗಾರಿಕೆ, ಪಾರದರ್ಶಕತೆಗಳನ್ನೇ ವಿಷಯವಾಗಿಸಿಕೊಂಡ ಗಣಕ ವಿಜ್ಞಾನಿಗಳ ಸಮ್ಮೇಳನವೊಂದು 2018ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಯಿತು. 2019ರಲ್ಲಿ ಐರೋಪ್ಯ ಒಕ್ಕೂಟದ ತಜ್ಞರ ಸಮಿತಿ ವಿಶ್ವಾಸಾರ್ಹ ಯಂತ್ರಕ್ಕೆ ಏಳು ಅಗತ್ಯಗಳನ್ನು ಪಟ್ಟಿಮಾಡಿ, ಮನುಷ್ಯರ ಮೇಲ್ವಿಚಾರಣೆಯನ್ನು ಮೊದಲಲ್ಲಿರಿಸಿತು. 2020ರ ಫೆಬ್ರವರಿ 28ರಂದು ರೋಮಿನಲ್ಲಿ, ಜೀವಪರ ಪೊಂಟಿಫಿಕಲ್ ಅಕಾಡೆಮಿಯ ಮುಂದಾಳತ್ವದಲ್ಲಿ, ಇಂತಹುದೇ ಕರೆಯೊಂದಕ್ಕೆ ಮೈಕ್ರೋಸಾಫ್ಟ್, ಐಬಿಎಂ ಸಂಸ್ಥೆಗಳೂ ಸಹಿ ಹಾಕಿದವು. ಪಾರದರ್ಶಕತೆ ಮತ್ತು ಹೊಣೆಗಾರಿಕೆ ಆ ಕರೆಯ ತತ್ತ್ವಗಳಲ್ಲಿ ಸೇರಿವೆ.

ಆದರೆ ಸಹಿಗಳೂ ಪಟ್ಟಿಗಳೂ ತಾವಾಗಿಯೇ ಯಾರನ್ನೂ ಕಾಪಾಡವು. ಯಂತ್ರ ಹೇಳಿದ್ದಕ್ಕೆ ಕಣ್ಣುಮುಚ್ಚಿ ಸಹಿ ಹಾಕುವ ಅಧಿಕಾರಿಯೊಬ್ಬರು ಕುಳಿತಿದ್ದರೆ ಅದು ಮೇಲ್ವಿಚಾರಣೆಯೆನಿಸದು. ಅಂದು ನ್ಯುಮೋನಿಯಾ ಅಧ್ಯಯನದಲ್ಲಿ ತಪ್ಪು ಬಯಲಾದದ್ದು ಒಂದು ಕಾರಣದಿಂದ: ನಿಯಮವನ್ನು ಓದಲು ಸಾಧ್ಯವಿತ್ತು, ಮತ್ತು ಓದಿದವರಿಗೆ ರೋಗಿಗಳ ಪರಿಚಯವಿತ್ತು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಆಸ್ತಮಾ ರೋಗಿಗಳು ಮನೆಗೆ ಮರಳಿ ಕಳುಹಿಸಲ್ಪಡುವ ಸಾಲಿನಲ್ಲಿ ನಿಲ್ಲುತ್ತಿದ್ದರು.

ಆದ್ದರಿಂದ ಪ್ರಿಯರೇ, ನಾಳೆ ನಮ್ಮ ಮನೆಯವರೊಬ್ಬರ ಚಿಕಿತ್ಸೆಯ ಬಗೆಗೋ, ಸಾಲದ ಬಗೆಗೋ, ಮಗುವಿನ ಓದಿನ ಬಗೆಗೋ “ಕಂಪ್ಯೂಟರ್ ಹೀಗೆ ಹೇಳುತ್ತದೆ” ಎಂಬ ಉತ್ತರ ಬಂದಾಗ ಸಂಕೋಚಪಡದೆ ಕೇಳೋಣ: ಯಾವ ದಾಖಲೆಯಿಂದ ಹೀಗೆ ಹೇಳುತ್ತದೆ? ಆ ದಾಖಲೆಯಲ್ಲಿ ಏನು ಬಿಟ್ಟುಹೋಗಿದೆ? ಇದು ತಪ್ಪಾದರೆ ಯಾರು ಉತ್ತರ ಕೊಡುತ್ತಾರೆ? ಹೀಗೆ ಕೇಳುವುದು ವಿಜ್ಞಾನಕ್ಕೆ ತೋರುವ ಅಗೌರವವಲ್ಲ. ಉತ್ತಮ ವಿಜ್ಞಾನಿಗಳು ತಮ್ಮ ಯಂತ್ರದ ಮುಂದೆ ಕೇಳಿಕೊಂಡದ್ದೂ ಇವೇ ಪ್ರಶ್ನೆಗಳನ್ನು. ಹಾಗೆಯೇ ನಮ್ಮ ಮನೆಗಳಲ್ಲಿ ಯಾವ ದಾಖಲೆಗೂ ಸೇರದೆ, ರಾತ್ರಿಯೆಲ್ಲಾ ಎಚ್ಚರವಿದ್ದು ರೋಗಿಯನ್ನು ಕಾಯುವವರನ್ನು ನಾವಾದರೂ ಕಾಣುವವರಾಗೋಣ.