ಉಷಸ್ತಿ ಒಲ್ಲೆನೆಂದ ನೀರು

ಬರಗಾಲದಲ್ಲಿ ಪರರ ಎಂಜಲು ಉಣ್ಣಬಹುದೇ? ಛಾಂದೋಗ್ಯ ಉಪನಿಷತ್ತಿನ ಉಷಸ್ತಿ ಚಾಕ್ರಾಯಣ ಉಂಡ. ಕುರುದೇಶದ ಬೆಳೆ ಹಾಳಾದಾಗ ಅವನು ಮಾವುತನೊಬ್ಬ ತಿನ್ನುತ್ತಿದ್ದ ಕಾಳನ್ನು ಬೇಡಿ ತಿಂದ. ಜೊತೆಗೆ ಕೊಡಬಂದ ನೀರನ್ನು ಮಾತ್ರ ಒಲ್ಲೆನೆಂದ. ಕಾಳಿಲ್ಲದೆ ಜೀವ ಉಳಿಯುತ್ತಿರಲಿಲ್ಲ, ನೀರು ಬೇಕೆಂದಲ್ಲಿ ಸಿಗುತ್ತದೆ ಎಂಬುದು ಅವನ ಕಾರಣ. 2020ರಲ್ಲಿ ಕನ್ನಡ ವಾಹಿನಿಗಳಿಗೆ ಎದುರಾದದ್ದೂ ಇಂಥದೇ ಆಪತ್ತು. ಮಾರ್ಚ್‌ನಲ್ಲಿ ಕೊರೊನಾ ಸೋಂಕಿನಿಂದ ಚಿತ್ರೀಕರಣ ನಿಂತಿತು, ಜಾಹೀರಾತು ಕುಸಿಯಿತು. ಮೇ ತಿಂಗಳಲ್ಲಿ ಸ್ಟಾರ್ ಸುವರ್ಣ ವಾಹಿನಿ 2013ರ ಹಿಂದಿ ‘ಮಹಾಭಾರತ’ವನ್ನು ಕನ್ನಡಕ್ಕೆ ಡಬ್ ಮಾಡಿ ತಂದಿತು. ದಶಕಗಳ ಕಾಲ ಡಬ್ಬಿಂಗನ್ನು ಹೊರಗಿಟ್ಟ ನಾಡು ಅದನ್ನು ಮನೆಮನೆಯಲ್ಲೂ ನೋಡಿತು.

ಹೊರಗಿನದೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳುವುದು ಸರಿಯಲ್ಲ. ಭಾರತಕಥೆಯೂ ನಮಗೆ ಸಂಸ್ಕೃತದಿಂದ ಬಂದದ್ದು. 10ನೆಯ ಶತಮಾನದಲ್ಲಿ ಪಂಪ ಅದನ್ನು ಕನ್ನಡದ್ದಾಗಿಸಿದ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಶಿವನಿಗೆ ವೈಷ್ಣವ ಅರ್ಚಕರ ಪೂಜೆ, ಜೈನ ಹೆಗ್ಗಡೆಯವರ ಆಡಳಿತ. ಮೂಡುಬಿದಿರೆ ಪ್ರಾಕೃತದ ಜೈನಗ್ರಂಥ ಷಟ್ಖಂಡಾಗಮವನ್ನು, ಅದರ ಧವಲಾ ಟೀಕೆಯನ್ನು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಕಾಯ್ದಿತು. ಆದರೆ ಆ ಗರಿಗಳು ಬಹುಕಾಲ ದರ್ಶನಕ್ಕಷ್ಟೇ ಇದ್ದವು. ಪ್ರತಿ ತೆಗೆದು, ಅಚ್ಚಾಗಿ ಬಂದ ಮೇಲೆಯೇ 20ನೆಯ ಶತಮಾನದಲ್ಲಿ ವಿದ್ವಾಂಸರು ಆ ಗ್ರಂಥದೊಂದಿಗೆ ವಾದಕ್ಕಿಳಿದರು. ತಂದಿಟ್ಟು ನೋಡಿದರಷ್ಟೇ ಸಾಲದು.

ಕಾಳು ತಿಂದ ಉಷಸ್ತಿ ಮುಂದೇನು ಮಾಡಿದ ಎಂಬುದೇ ಇಲ್ಲಿ ಮುಖ್ಯ. ರಾಜನ ಯಜ್ಞಕ್ಕೆ ಹೋಗಿ, ನೀವು ಹಾಡುವ ಸಾಮದ ದೇವತೆ ಯಾರೆಂದು ಬಲ್ಲಿರಾ ಎಂದು ಋತ್ವಿಜರನ್ನು ತಡೆದು ನಿಲ್ಲಿಸಿದ. ಹಾಗೆ ತಡೆದು ಕೇಳುವ ಅಭ್ಯಾಸ ಬಂಟ್ವಾಳದಿಂದ ಮೂಡುಬಿದಿರೆಯವರೆಗೂ ಯಕ್ಷಗಾನದ ತಾಳಮದ್ದಲೆಯಲ್ಲಿದೆ. ಅದಕ್ಕೆ ವೇಷ ಬೇಡ, ಕುಣಿತ ಬೇಡ. ಭಾಗವತರ ಪದ, ಚೆಂಡೆಮದ್ದಳೆ, ಆ ಪದಕ್ಕೆ ಮಾತಿನಲ್ಲೇ ಅರ್ಥ ಹೇಳುವ ಅರ್ಥಧಾರಿಗಳು ಸಾಕು. ಕೃಷ್ಣನು ಕರ್ಣನ ಜನ್ಮದ ಗುಟ್ಟು ಬಿಚ್ಚಿಟ್ಟಾಗ ಅನ್ನದ ಋಣ ದೊಡ್ಡದೋ ರಕ್ತಸಂಬಂಧ ದೊಡ್ಡದೋ ಎಂಬುದನ್ನು ಕರ್ಣನ ಅರ್ಥಧಾರಿ ಆ ಹೊತ್ತಿನಲ್ಲೇ, ಎದುರಾಳಿಯ ಮಾತಿಗೆ ತಕ್ಕಂತೆ ತೂಗಬೇಕು. ಡಬ್ಬಿಂಗ್‌ನ ಕನ್ನಡವೂ ಚೆನ್ನಾಗಿಯೇ ಇತ್ತಲ್ಲ ಎನ್ನಬಹುದು. ಇತ್ತು, ನಿಜ, ಆದರೆ ನಟನ ತುಟಿ ಆಗಲೇ ಆಡಿ ಮುಗಿಸಿದ ಮಾತಿನ ಅಳತೆಗೆ ಅದು ಹೊಂದಬೇಕು. ಅಲ್ಲಿ ಕರ್ಣ ಮನಸ್ಸು ಬದಲಿಸುವಂತಿಲ್ಲ, ಹೊಸ ಸಂಶಯ ಎತ್ತುವಂತಿಲ್ಲ. ಅದ್ದೂರಿ ಯುದ್ಧದ ದೃಶ್ಯಗಳನ್ನು ಎರವಲು ತಂದದ್ದು ಕಾಳಿನಂತೆ ಅನಿವಾರ್ಯ. ಧರ್ಮಸಂಕಟದ ವಿಚಾರ ನೀರಿನಂತೆ ಇಲ್ಲೇ ಸಿಗುತ್ತಿತ್ತು, ಅದನ್ನೂ ಸಿದ್ಧವಾಗಿಯೇ ತಂದುಕೊಂಡದ್ದು ಅನಿವಾರ್ಯವಾಗಿರಲಿಲ್ಲ.

ಸೋಂಕಿನ ದಿನಗಳಲ್ಲಿ ಇನ್ನೇನು ಸಾಧ್ಯವಿತ್ತು ಎಂಬ ಆಕ್ಷೇಪ ಹಗುರದ್ದಲ್ಲ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವ ಪತ್ತನಾಜೆಗೆ ಮೊದಲೇ ಗೆಜ್ಜೆ ಬಿಚ್ಚಿದ, ಕಲಾವಿದರ ಸಂಪಾದನೆ ನಿಂತ ವರ್ಷ ಅದು. ಹಾಗಿದ್ದೂ ಅರ್ಥಧಾರಿಗಳು ಅಂತರ್ಜಾಲದಲ್ಲಿ ತಾಳಮದ್ದಲೆ ನಡೆಸಿದರು. ಧಾರಾವಾಹಿಯ ಕಂತು ಮುಗಿದ ಬೆನ್ನಿಗೇ ಅದೇ ಪ್ರಸಂಗಕ್ಕೆ ಅರ್ಧ ಗಂಟೆ ಅರ್ಥ ಹೇಳಲು ಇಬ್ಬರನ್ನು ಕೂರಿಸಲು ವಾಹಿನಿಗೆ ದೊಡ್ಡ ಬಂಡವಾಳ ಬೇಕಿರಲಿಲ್ಲ. ಚಿತ್ರೀಕರಣ ಮರಳಿದ ಮೇಲೂ ಡಬ್ಬಿಂಗ್ ಉಳಿದುಕೊಂಡಿತು. ಹಾಗಾಗಿ ಆ ಅರ್ಧ ಗಂಟೆಯನ್ನು ವಾಹಿನಿಗಳಿಂದ ಈಗಲೂ ಕೇಳಿ ಪಡೆಯಬೇಕು.