ಎದ್ದು ಬಂದು ಒದ್ದವರು ಯಾರು?

'ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ' ಎಂಬ ಗಾದೆಯನ್ನು ಯಾರು ಆಡುತ್ತಾರೆ ಎಂದು ಗಮನಿಸಿದ್ದೀರಾ? ಒದ್ದವರು ಯಾವತ್ತೂ ಆಡುವುದಿಲ್ಲ. ಇದು ಒದೆಸಿಕೊಂಡವರ ಗಾದೆ. ಮದುವೆ ಮಾತುಕತೆಯ ನಡುವೆ ಹುಡುಗನ ಸಂಬಳದ ಬಗ್ಗೆ ಬಾಯಿ ಹಾಕಿ ಬೈಸಿಕೊಂಡ ಸೋದರಮಾವ, ವಾರ್ಷಿಕ ಸಭೆಯಲ್ಲಿ ಖರ್ಚಿನ ಲೆಕ್ಕ ಕೇಳಿ ಎಲ್ಲರಿಗೂ ಬೇಡವಾದ ಸಂಘದ ಸದಸ್ಯ, ಇಬ್ಬರೂ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳುವುದು ಇದನ್ನೇ. ಸತ್ಯ ನನ್ನ ಕಡೆ, ಸಿಟ್ಟು ಅವರ ಕಡೆ ಎಂಬ ಸಮಾಧಾನ ಅದರಲ್ಲಿದೆ. ಆಡಿದ್ದು ನಿಜಕ್ಕೂ ಇದ್ದದ್ದೇ ಆಗಿತ್ತೇ, ಎದುರಿಗಿದ್ದವರಿಗೆ ಎದ್ದು ಬರುವ ತ್ರಾಣವಿತ್ತೇ ಎಂದು ಯಾರೂ ವಿಚಾರಿಸಲು ಹೋಗುವುದಿಲ್ಲ.

ವಿಚಾರಿಸಬೇಕೆಂದರೆ ಅಮೆರಿಕದ ಹಾಸ್ಯಗಾರ್ತಿ ಜೋನ್ ರಿವರ್ಸ್‌ಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಈ ಗಾದೆಯನ್ನು ಆಕೆ ಕೇಳಿರಲಿಕ್ಕಿಲ್ಲ. ಆದರೆ ಅರ್ಧ ಶತಮಾನ ಇದರೊಳಗೇ ಬದುಕಿದಳು.

1933ರ ಜೂನ್ 8ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಜೋನ್ ಮೊಲಿನ್ಸ್ಕಿ, ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬದ ಹುಡುಗಿ. ಅಪ್ಪ ಡಾಕ್ಟರ್. 1954ರಲ್ಲಿ ಬರ್ನಾರ್ಡ್ ಕಾಲೇಜಿನಿಂದ ಪದವಿ ಪಡೆದಳು. ಇನ್ನು ಮದುವೆ ಮಾಡಿ ಕಳಿಸುವುದೊಂದೇ ಬಾಕಿ ಎಂದು ಮನೆಯವರು ಕಾಯುತ್ತಿದ್ದರೆ ಈಕೆ ಗ್ರೀನಿಚ್ ವಿಲೇಜ್‌ನ ಹೊಗೆ ತುಂಬಿದ ಕ್ಲಬ್ಬುಗಳಲ್ಲಿ ಮೈಕು ಹಿಡಿದು ನಿಂತಳು. ಹೆಸರು ಬದಲಿಸಿಕೊ ಎಂದ ಏಜೆಂಟನ ಅಡ್ಡಹೆಸರು ರಿವರ್ಸ್; ಅದನ್ನೇ ಎತ್ತಿಕೊಂಡಳು. ಆರಂಭದಲ್ಲಿ ಜನ ನಗಲಿಲ್ಲ. ಅಂಥ ಒಂದು ಸೋಲಿನ ರಾತ್ರಿ, ಆಗಲೇ ಪೊಲೀಸರ ಕಣ್ಣಿಗೆ ಬಿದ್ದಿದ್ದ ಕಿಡಿಗೇಡಿ ಹಾಸ್ಯಗಾರ ಲೆನ್ನಿ ಬ್ರೂಸ್ ಆಕೆಗೊಂದು ಚೀಟಿ ಕಳಿಸಿದ. ಸರಿ ಇರುವುದು ನೀನು, ತಪ್ಪಿರುವುದು ಅವರು ಎಂಬುದು ಅದರ ಸಾರಾಂಶ. ಆ ಚೀಟಿಯನ್ನು ಬಹುಕಾಲ ಒಳಉಡುಪಿನಲ್ಲಿಟ್ಟುಕೊಂಡೇ ವೇದಿಕೆ ಹತ್ತುತ್ತಿದ್ದೆ ಎಂದು ಆಕೆ ಹೇಳಿಕೊಂಡಿದ್ದಾಳೆ. ನಿಷ್ಠುರವಾಗಿ ಮಾತಾಡುವ ಯಾರಿಗಾದರೂ ಇಂಥದೊಂದು ಚೀಟಿ ಬೇಕೇ ಬೇಕು. ಅಪಾಯ ಇರುವುದೂ ಆ ಚೀಟಿಯಲ್ಲೇ, ಅದನ್ನು ಮುಂದೆ ನೋಡೋಣ.

1965ರ ಫೆಬ್ರವರಿ 17ರಂದು ಜಾನಿ ಕಾರ್ಸನ್‌ನ 'ಟುನೈಟ್ ಷೋ'ದಲ್ಲಿ ಕಾಣಿಸಿಕೊಂಡಳು. ಅಮೆರಿಕದ ಮಧ್ಯಮ ವರ್ಗ ಮಲಗುವ ಮುನ್ನ ನೋಡುತ್ತಿದ್ದ ಕಾರ್ಯಕ್ರಮ ಅದು. ಕಾರ್ಸನ್ ನಕ್ಕರೆ ದೇಶ ನಗುತ್ತಿತ್ತು. ಅಂದು ಆತ ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ನೀನು ತಾರೆಯಾಗುತ್ತೀಯ ಎಂದು ಕ್ಯಾಮೆರಾ ಮುಂದೆಯೇ ಹೇಳಿದ. ಮೂವತ್ತರ ಅಂಚು ದಾಟಿದ್ದ ಜೋನ್‌ಳ ಬದುಕು ಆ ಒಂದು ರಾತ್ರಿಯಲ್ಲಿ ತಿರುಗಿತು.

ಆಕೆ ಹೇಳುತ್ತಿದ್ದ 'ಇದ್ದದ್ದು' ಯಾವುದು? ಮದುವೆಯಾಗದ ಮಗಳು ಮನೆಯಲ್ಲಿದ್ದಾಳೆಂದು ಅಮ್ಮ ಪಡುವ ಸಂಕಟ. ಹೆದ್ದಾರಿ ಸೇರುವ ಮುನ್ನ ಸಿಗುವ ಕೊನೆಯ ಹುಡುಗಿ ಇವಳೇ ಎಂದು ಅಮ್ಮ ಮನೆ ಮುಂದೆ ಬೋರ್ಡು ನೆಟ್ಟಿದ್ದಾಳೆ ಎಂಬುದು ಆಕೆಯ ಆರಂಭದ ಜೋಕುಗಳಲ್ಲೊಂದು. ಹೆಣ್ಣು ನೋಡುವ ಶಾಸ್ತ್ರಕ್ಕೆ ಉಪ್ಪಿಟ್ಟು ಕೇಸರಿಬಾತು ಮಾಡಿದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲ ಮನೆಯಲ್ಲೂ ನಡೆಯುವುದು, ಆದರೆ ಯಾರ ಮನೆಯ ಹೆಣ್ಣೂ ಹತ್ತು ಜನರ ಮುಂದೆ ಆಡದಿದ್ದುದು. ಅಡುಗೆ ಬಾರದ ಹೆಂಡತಿ, ಹಾಸಿಗೆಯ ಬೇಸರ, ಇಳಿಬೀಳುವ ಮೈ, ಮುಪ್ಪು, ಕತ್ತರಿ ಹಾಕಿಸಿಕೊಂಡ ಮುಖ ಎಲ್ಲವೂ ಒಂದೊಂದಾಗಿ ಮೈಕಿನ ಮುಂದೆ ಬಂದವು. 'ಕ್ಯಾನ್ ವಿ ಟಾಕ್?' ಎಂದು ಮುಂದಕ್ಕೆ ಬಾಗಿ ಕೇಳುವುದು ಆಕೆಯ ಗುರುತಾಯಿತು. ಪಕ್ಕದ ಮನೆಯವಳು ಕಾಂಪೌಂಡಿಗೆ ಒರಗಿ ದನಿ ತಗ್ಗಿಸುವ ಧಾಟಿ ಅದು. ಕೇಳುತ್ತಿದ್ದವರು ಮಾತ್ರ ಕೋಟಿಗಟ್ಟಲೆ.

ಇಲ್ಲೊಂದು ತಕರಾರು ತೆಗೆಯಬಹುದು. ಜೋನ್ ಇದ್ದದ್ದನ್ನು ಇದ್ದ ಹಾಗೆ ಎಂದೂ ಹೇಳಿದವಳಲ್ಲ. ಒಂದಕ್ಕೆ ಹತ್ತು ಸೇರಿಸಿಯೇ ಹೇಳಿದವಳು. ಹಾಲಿವುಡ್ ನಟಿ ಎಲಿಜಬೆತ್ ಟೇಲರ್ ದಪ್ಪಗಾದಾಗ ಆಕೆಯ ತೂಕದ ಮೇಲೆ ವರ್ಷಗಟ್ಟಲೆ ಹೊಸೆದ ಜೋಕುಗಳಲ್ಲಿ ಯಾವುದೂ ಅಕ್ಷರಶಃ ನಿಜವಲ್ಲ. ಆದರೂ ಜನ ಆಕೆಯನ್ನು ನೇರ ಮಾತಿನವಳು ಎಂದೇ ಕರೆದರು. ಬೆನ್ನ ಹಿಂದೆ ಎಲ್ಲರೂ ಆಡಿಕೊಳ್ಳುತ್ತಿದ್ದುದನ್ನು ಈಕೆ ಮುಖದ ಮುಂದೆ ಆಡಿದಳು, ಅಷ್ಟೇ. ನಾವು ನೇರ ನುಡಿ ಎನ್ನುವುದರಲ್ಲಿ ಬಹುಪಾಲು ಇಷ್ಟೇ ಇರುತ್ತದೆ ಎಂಬುದು ನನ್ನ ಗುಮಾನಿ.

ಟೇಲರ್‌ಳನ್ನು ಆಡಿಕೊಂಡವಳಿಗೆ ಒದೆ ಬೀಳಲಿಲ್ಲ. ಒದೆ ಬಿದ್ದದ್ದು ಬೇರೆ ಕಾರಣಕ್ಕೆ. 1983ರಲ್ಲಿ ಆಕೆ ಕಾರ್ಸನ್ ರಜೆ ಹೋದಾಗಲೆಲ್ಲ ಕಾರ್ಯಕ್ರಮ ನಡೆಸುವ ಕಾಯಂ ಅತಿಥಿ ನಿರೂಪಕಿಯಾದಳು. ಮೂರು ವರ್ಷಗಳ ನಂತರ, ಆಗತಾನೆ ಶುರುವಾಗುತ್ತಿದ್ದ ಫಾಕ್ಸ್ ವಾಹಿನಿ ಆಕೆಗೆ ಸ್ವಂತ ಕಾರ್ಯಕ್ರಮ ಕೊಟ್ಟಿತು. ಅದೂ ಕಾರ್ಸನ್‌ನ ಸಮಯಕ್ಕೇ, ಆತನಿಗೆ ಎದುರಾಗಿ. ಆಕೆ ಆತನಿಗೆ ಫೋನು ಮಾಡುವ ಹೊತ್ತಿಗೆ ಸುದ್ದಿ ಬೇರೆಯವರಿಂದ ಮುಟ್ಟಿಬಿಟ್ಟಿತ್ತು. ಆತ ಫೋನು ಕುಕ್ಕಿದ. 2005ರಲ್ಲಿ ಸಾಯುವವರೆಗೂ ಆಕೆಯ ಜೊತೆ ಮಾತಾಡಲಿಲ್ಲ. ಹೆಣ್ಣೆಂಬ ಕಾರಣಕ್ಕೆ ಕಾರ್ಸನ್‌ಗೆ ಇಷ್ಟು ಸಿಟ್ಟು ಬಂತು, ಆತನ ಕಾರ್ಯಕ್ರಮದಿಂದ ಬೆಳೆದು ಎದುರು ನಿಂತ ಗಂಡಸರಿಗೆ ಈ ಶಿಕ್ಷೆಯಾಗಲಿಲ್ಲ ಎಂದು ಜೋನ್ ಕೊನೆಯವರೆಗೂ ವಾದಿಸಿದಳು. ಅದರಲ್ಲಿ ಹುರುಳಿದೆ. ಆದರೆ ಗಾದೆಯ ಮುಂದಿಟ್ಟು ನೋಡಿ: ಊರವರ ಬಗ್ಗೆ ಇದ್ದದ್ದನ್ನೆಲ್ಲ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದವಳು, ಅನ್ನ ಕೊಟ್ಟವನಿಗೆ ಹೇಳಲೇಬೇಕಿದ್ದ ಒಂದೇ ಒಂದು ಮಾತನ್ನು ಸಮಯಕ್ಕೆ ಹೇಳಲಿಲ್ಲ. ಬದುಕಿನ ಅತಿ ದೊಡ್ಡ ಒದೆ ಆಕೆಗೆ ಬಿದ್ದದ್ದು ಹೇಳದೇ ಇದ್ದದ್ದಕ್ಕೆ.

ಮುಂದಿನದು ಬೇಗ ಬೇಗ ನಡೆದುಹೋಯಿತು. 1986ರ ಅಕ್ಟೋಬರ್ 9ರಂದು ಶುರುವಾದ ಕಾರ್ಯಕ್ರಮದಿಂದ ಮರುವರ್ಷ ಮೇ ತಿಂಗಳಲ್ಲೇ ಆಕೆಯನ್ನು ತೆಗೆದರು. ನಿರ್ಮಾಪಕನಾಗಿದ್ದ ಗಂಡ ಎಡ್ಗರ್ ರೋಸೆನ್‌ಬರ್ಗ್‌ಗೂ ವಾಹಿನಿಗೂ ಎಣ್ಣೆ ಸೀಗೇಕಾಯಿ. ಗಂಡನನ್ನು ಬಿಟ್ಟುಕೊಡಲು ಜೋನ್ ಒಪ್ಪಲಿಲ್ಲ. ಅದೇ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದ ಹೋಟೆಲ್ ಕೋಣೆಯಲ್ಲಿ ಎಡ್ಗರ್ ಆತ್ಮಹತ್ಯೆ ಮಾಡಿಕೊಂಡ. ಕೆಲಸವಿಲ್ಲ, ಗಂಡನಿಲ್ಲ, 'ಟುನೈಟ್ ಷೋ'ದ ಬಾಗಿಲು ಮುಚ್ಚಿದೆ. ವಯಸ್ಸು ಐವತ್ತನಾಲ್ಕು. ಆಗ ಆಕೆ ಮಾಡಿದ್ದೇನು? ಮತ್ತೆ ವೇದಿಕೆ ಹತ್ತಿ ಗಂಡನ ಸಾವಿನ ಮೇಲೇ ಜೋಕು ಮಾಡಿದಳು: ಆತನ ಬೂದಿಯನ್ನು ನೀಮನ್ ಮಾರ್ಕಸ್ ಎಂಬ ದುಬಾರಿ ಅಂಗಡಿಯಲ್ಲಿ ಉದುರಿಸಿಬಿಟ್ಟರೆ ದಿನಾ ಹೋಗಿ ಕಂಡು ಬರಬಹುದಲ್ಲ ಎಂದು. ಛೇ ಎನ್ನುವವರು ಅನ್ನಲಿ. ಆಕೆಗೆ ಬಾಯಿ ಬಿಡುವ ಹಕ್ಕು ಕೊಟ್ಟದ್ದು ಇದೇ ಎಂದು ನಾನು ತಿಳಿದಿದ್ದೇನೆ. ಲೋಕಕ್ಕೆ ಕತ್ತಿ ಮಸೆಯುವ ಮುನ್ನ ಅದನ್ನು ತನ್ನ ಮೈ ಮೇಲೆ ಆಡಿಸಿ ನೋಡುತ್ತಿದ್ದಳು. 2012ರಲ್ಲಿ ಆಕೆ ಬರೆದ ಪುಸ್ತಕದ ಹೆಸರಿನ ಅರ್ಥವೇ, ನನಗೆ ಎಲ್ಲರನ್ನೂ ಕಂಡರಾಗದು, ಮೊದಲು ನನ್ನನ್ನು, ಎಂದು. ನಮ್ಮ ಗಾದೆಯಲ್ಲಿ ಹೇಳುವವನು ಹೊರಗೆ ನಿಂತು ಹೇಳುತ್ತಾನೆ. ಜೋನ್ ಒಳಗಿದ್ದುಕೊಂಡು ಹೇಳಿದಳು.

ಆಮೇಲಿನದು ಟಿವಿ ಇತಿಹಾಸಕ್ಕೆ ಸೇರಿದ್ದು. 1989ರಿಂದ ಹಗಲು ಹೊತ್ತಿನ ಮಾತುಕತೆ ಕಾರ್ಯಕ್ರಮ, ಅದಕ್ಕೆ 1990ರಲ್ಲಿ ಎಮ್ಮಿ ಪ್ರಶಸ್ತಿ, ಕ್ಯೂವಿಸಿ ವಾಹಿನಿಯಲ್ಲಿ ಒಡವೆ ಮಾರಾಟ, ತೊಂಬತ್ತರ ದಶಕದ ನಡುವಿನಿಂದ ಮಗಳು ಮೆಲಿಸ್ಸಾ ಜೊತೆ ಪ್ರಶಸ್ತಿ ಸಮಾರಂಭಗಳ ಕೆಂಪು ಹಾಸಿನ ಮೇಲೆ ತಾರೆಯರನ್ನು ನಿಲ್ಲಿಸಿ ಬಟ್ಟೆ ವಿಚಾರಿಸುವ ಕೆಲಸ, 2010ರಿಂದ 'ಫ್ಯಾಷನ್ ಪೊಲೀಸ್' ಎಂಬ ಕಾರ್ಯಕ್ರಮ. ಇವತ್ತು ಯಾವ ನಟಿ ಯಾರ ಗೌನು ತೊಟ್ಟಳು ಎಂದು ನಮ್ಮ ವಾಹಿನಿಗಳೂ ಹರಟುತ್ತವಲ್ಲ, ಆ ಚಾಳಿಗೆ ಈ ತಾಯಿ ಮಗಳ ಋಣ ಸಾಕಷ್ಟಿದೆ.

ಹರಿತ ನಾಲಿಗೆಯವರ ಬಗ್ಗೆ ನಮಗೊಂದು ಭ್ರಮೆಯಿದೆ: ಬಾಯಿಗೆ ಬಂದದ್ದನ್ನು ಆಡಿಬಿಡುತ್ತಾರೆ ಎಂದು. ಜೋನ್ ಮೇಲೆ 2010ರಲ್ಲಿ ಬಂದ 'ಎ ಪೀಸ್ ಆಫ್ ವರ್ಕ್' ಎಂಬ ಸಾಕ್ಷ್ಯಚಿತ್ರ ಆ ಭ್ರಮೆ ಬಿಡಿಸುತ್ತದೆ. ಆಕೆಯ ಮನೆಯಲ್ಲಿ ಉಕ್ಕಿನ ಕಾರ್ಡು ಬೀರುಗಳಿವೆ, ಹಳೆಯ ಗ್ರಂಥಾಲಯಗಳಲ್ಲಿ ಇರುತ್ತಿದ್ದಂಥವು. ಖಾನೆ ಎಳೆದರೆ ಟೈಪು ಮಾಡಿದ ಜೋಕುಗಳು, ವಿಷಯಾನುಸಾರ, ಅಕಾರಾದಿಯಾಗಿ. ದಶಕಗಳ ಬೆಳೆ ಅದು. ಇನ್ನೊಂದು ಕಡೆ ಆಕೆ ತನ್ನ ದಿನಚರಿ ಪುಸ್ತಕ ತೆರೆದು, ಭಯ ಎಂದರೇನು ತೋರಿಸುತ್ತೇನೆ ಎಂದು ಖಾಲಿ ಹಾಳೆ ತಿರುವುತ್ತಾಳೆ. ಎಪ್ಪತ್ತೈದರ ಆಸುಪಾಸಿನಲ್ಲೂ ಆಕೆಗೆ ಒದೆಯ ಭಯವಿರಲಿಲ್ಲ. ಯಾರೂ ಕರೆಯದೇ ಹೋದರೆ ಎಂಬ ಭಯವಿತ್ತು.

ಅದೇ ಚಿತ್ರದ ಇನ್ನೊಂದು ದೃಶ್ಯಕ್ಕೆ ಬರುವ ಮುನ್ನ 2014ರ ಏಪ್ರಿಲ್‌ನ ಒಂದು ಮಾತು. ಕ್ಲೀವ್‌ಲೆಂಡಿನಲ್ಲಿ ಮೂವರು ಹೆಣ್ಣುಮಕ್ಕಳನ್ನು ಒಬ್ಬ ದುರುಳ ಸುಮಾರು ಹತ್ತು ವರ್ಷ ಮನೆಯಲ್ಲಿ ಕೂಡಿಹಾಕಿದ್ದ. ಹಿಂದಿನ ವರ್ಷವಷ್ಟೇ ಅವರಿಗೆ ಬಿಡುಗಡೆಯಾಗಿತ್ತು. ಮಗಳ ಮನೆಯಲ್ಲಿ ತನಗೆ ಕೊಟ್ಟ ಕೋಣೆಗಿಂತ ಆ ಹೆಂಗಸರಿಗಿದ್ದ ಜಾಗವೇ ದೊಡ್ಡದು ಎಂಬರ್ಥದ ಜೋಕನ್ನು ಜೋನ್ ಬೆಳಗಿನ ಟಿವಿಯಲ್ಲಿ ಹೊಡೆದಳು. ಕ್ಷಮೆ ಕೇಳಿ ಎಂದರೆ ಕೇಳಲಿಲ್ಲ. ಇಲ್ಲಿ ಗಾದೆಯ ನಡುವಿನ ಎರಡು ಪದಕ್ಕೆ ಬನ್ನಿ: ಎದ್ದು ಬಂದು. ಎದ್ದು ಬರಬಲ್ಲವರ ಬಗ್ಗೆ ಆಡಿದರೆ ಮಾತ್ರ ಈ ಗಾದೆ ನಡೆಯುತ್ತದೆ. ಟೇಲರ್ ಎದ್ದು ಬರಬಹುದಿತ್ತು, ಕಾರ್ಸನ್ ಎದ್ದೇ ಬಂದ. ಆ ಮೂವರು ಎಲ್ಲಿಂದ ಏಳಬೇಕಿತ್ತು? ಲೆನ್ನಿ ಬ್ರೂಸನ ಚೀಟಿ ಕೆಡುವುದು ಹೀಗೆ. ನಾನೇ ಸರಿ ಎಂಬುದು ಇಪ್ಪತ್ತೆಂಟರಲ್ಲಿ ಧೈರ್ಯ. ಎಂಬತ್ತರಲ್ಲಿ ಅದು ಕಿವುಡು.

ಈಗ ಆ ದೃಶ್ಯ. ವಿಸ್ಕಾನ್ಸಿನ್‌ನ ಒಂದು ಕ್ಯಾಸಿನೊ. ಕಣ್ಣು ಕಿವಿ ಎರಡೂ ಇಲ್ಲದ ಲೇಖಕಿ ಹೆಲೆನ್ ಕೆಲರ್ ಮೇಲೆ ಜೋನ್ ಒಂದು ಜೋಕು ಹೇಳುತ್ತಾಳೆ. ಸಭೆಯಿಂದ ಒಬ್ಬ ಗಂಡಸಿನ ದನಿ: ಕಿವುಡ ಮಗನಿದ್ದರೆ ಇದು ನಗುವ ಮಾತಲ್ಲ. ಜೋನ್ ಸಿಡಿದೇಳುತ್ತಾಳೆ. ನನ್ನ ತಾಯಿಯೂ ಕಿವುಡಿಯೇ, ಹಾಸ್ಯ ಇರುವುದೇ ಎಲ್ಲವನ್ನೂ ನಕ್ಕು ಅರಗಿಸಿಕೊಳ್ಳಲಿಕ್ಕೆ ಎಂದು ಮೂರ್ಖ ಗೀರ್ಖ ಎಲ್ಲ ಸೇರಿಸಿ ಉಗಿದುಬಿಡುತ್ತಾಳೆ. ಸಭೆ ಚಪ್ಪಾಳೆ ತಟ್ಟುತ್ತದೆ. ಆಕೆಯ ವಾದ ಗಟ್ಟಿಯಾದದ್ದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ರಾತ್ರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದವನು ಆ ತಂದೆ. ಎದ್ದು ಬಂದು ಎದೆಗೆ ಒದ್ದವಳು ಜೋನ್. ಕಾರ್ಯಕ್ರಮ ಮುಗಿದ ಮೇಲೆ, ಮೈಕಿಲ್ಲದ ಹೊತ್ತಿನಲ್ಲಿ, ಪಾಪ ಆತನ ನೋವು ಆತನಿಗೆ ಎಂಬರ್ಥದ ಮಾತಾಡಿದಳು. ಆತನ ಮುಂದೆ ಆಡಲಿಲ್ಲ.

2014ರ ಮಾರ್ಚ್‌ನಲ್ಲಿ, ಜಿಮ್ಮಿ ಫಾಲನ್ ನಿರೂಪಕನಾಗಿದ್ದ ಕಾಲಕ್ಕೆ, 'ಟುನೈಟ್ ಷೋ'ದ ಅತಿಥಿ ಕುರ್ಚಿ ಆಕೆಗೆ ಮತ್ತೆ ಸಿಕ್ಕಿತು. ಆಗಸ್ಟ್ 27ರ ರಾತ್ರಿ ಮ್ಯಾನ್‌ಹಟನ್‌ನ ಒಂದು ಪುಟ್ಟ ರಂಗಮಂದಿರದಲ್ಲಿ ಜೋಕು ಹೇಳಿ ಬಂದವಳು ಮರುದಿನ ಗಂಟಲಿನ ತಪಾಸಣೆಗೆ ಹೋದಳು. ಅಲ್ಲಿ ಉಸಿರು ನಿಂತು, ಸೆಪ್ಟೆಂಬರ್ 4ರಂದು ತೀರಿಕೊಂಡಳು. ಸಾಕ್ಷ್ಯಚಿತ್ರ ಸಿಕ್ಕರೆ ನೋಡಿ. ಕ್ಯಾಸಿನೊದ ಆ ಎರಡು ನಿಮಿಷದಲ್ಲಿ ನೀವು ಯಾರ ಪಕ್ಷ ಎಂದು ತೀರ್ಮಾನಿಸಿಕೊಂಡ ಮೇಲೆ, ಮುಂದಿನ ಸಲ ಈ ಗಾದೆಯನ್ನು ನಿಮ್ಮ ಪರವಾಗಿ ಬಳಸಿ.